ಡಿಸ್ಕ್ ನಿಂತಿತಾ, ನಡೆದಿದೆಯಾ? ಎರಡು ಸುದ್ದಿಗಳ ನಡುವೆ ಸಿಕ್ಕ ಸಿನಿಮಾ ಕಪಾಟು

2025ರ ಜನವರಿಯಲ್ಲಿ ಒಂದು ಸುದ್ದಿ ಹರಿದಾಡಿತು. ಸೋನಿ ಕಂಪನಿ ಬ್ಲೂ-ರೇ (ಡಿವಿಡಿಯ ನಂತರ ಬಂದ, ಇನ್ನೂ ಸ್ಪಷ್ಟ ಚಿತ್ರದ) ಡಿಸ್ಕ್ ತಯಾರಿಕೆ ನಿಲ್ಲಿಸುತ್ತದೆ ಅಂತ. ಅದಕ್ಕೆ ಕೆಲವೇ ವಾರ ಮುಂಚೆ, ಎಲ್‌ಜಿ ಬ್ಲೂ-ರೇ ಪ್ಲೇಯರ್ ಮಾಡುವುದನ್ನು ಬಿಟ್ಟಿತು ಅನ್ನುವ ಸುದ್ದಿಯೂ ಬಂದಿತ್ತು. ಫೋನಿನಲ್ಲಿ ಬರೀ ತಲೆಬರಹ ಓದಿದವರು 'ಮುಗೀತು ಬಿಡು' ಅಂದರು. ಆದರೆ ಅದೇ ಹೊತ್ತಿಗೆ ಹಳೆಯ ಜಪಾನಿ, ಇಟಾಲಿಯನ್, ಬಂಗಾಳಿ ಸಿನಿಮಾಗಳ ಹೊಸ 4ಕೆ (ಬ್ಲೂ-ರೇಗಿಂತಲೂ ಸ್ಪಷ್ಟ ಚಿತ್ರದ) ಡಿಸ್ಕ್‌ಗಳು ಹೊರದೇಶದಲ್ಲಿ ತಿಂಗಳು ತಿಂಗಳು ಬರುತ್ತಲೇ ಇವೆ. ನಮ್ಮ ಗಿರೀಶ ಕಾಸರವಳ್ಳಿ ಅವರ 'ಘಟಶ್ರಾದ್ಧ' 2024ರಲ್ಲಿ ಹೊಸದಾಗಿ ರಿಸ್ಟೋರ್ ಆಗಿ, ಅಂದರೆ ಹಳೆಯ ಫಿಲ್ಮ್ ದುರಸ್ತಿಯಾಗಿ, ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಬೆಳಗಾವಿಯ ಟಿಳಕವಾಡಿಯಲ್ಲೋ, ಬಾಗಲಕೋಟೆಯ ನವನಗರದಲ್ಲೋ, ವಿಜಯಪುರದ ಯಾವುದೋ ಓಣಿಯಲ್ಲೋ ಮನೆಯ ಕಪಾಟಿನಲ್ಲಿ ನೂರು-ಇನ್ನೂರು ಡಿಸ್ಕ್ ಜೋಡಿಸಿಟ್ಟವರಿಗೆ ಇದರಲ್ಲಿ ಯಾವುದನ್ನು ನಂಬಬೇಕು ಅನ್ನುವ ಗೊಂದಲ. ಪ್ಲೇಯರ್ ಕೆಟ್ಟರೆ ಮುಂದೇನು? ಹೊಸದು ಕೊಳ್ಳಬೇಕಾ, ಇದ್ದದ್ದನ್ನು ಗುಜರಿಗೆ ಹಾಕಬೇಕಾ? ಡಿಸ್ಕ್ ನಿಂತಿತು, ಡಿಸ್ಕ್ ಬರುತ್ತಲೇ ಇದೆ, ಎರಡೂ ಸುದ್ದಿ ನಿಜವೇ. ಆದರೆ ಎರಡೂ ಬೇರೆ ಬೇರೆ ವಸ್ತುವಿನ ಬಗ್ಗೆ ಹೇಳುತ್ತಿವೆ.

ನಿಂತದ್ದು ಖಾಲಿ ಡಿಸ್ಕ್

ಸೋನಿ ನಿಲ್ಲಿಸಿದ್ದು ಸಿನಿಮಾ ಇರುವ ಡಿಸ್ಕ್ ಅಲ್ಲ. ನಾವೇ ಬರೆದುಕೊಳ್ಳುವ ಖಾಲಿ ಬ್ಲೂ-ರೇ. ಅದರ ಜೊತೆಗೆ ಹಾಡು ರೆಕಾರ್ಡ್ ಮಾಡಿಕೊಳ್ಳುವ ಮಿನಿಡಿಸ್ಕ್ ಮತ್ತು ಮದುವೆ ವಿಡಿಯೋದವರು ಒಂದು ಕಾಲಕ್ಕೆ ಬಳಸುತ್ತಿದ್ದ ಮಿನಿ-ಡಿವಿ ಕ್ಯಾಸೆಟ್. ಈ ಮೂರರ ತಯಾರಿಕೆ 2025ರ ಫೆಬ್ರವರಿಗೆ ಮುಗಿಯಿತು.

ವ್ಯತ್ಯಾಸ ಸಣ್ಣದಲ್ಲ. ಅಂಗಡಿಯಲ್ಲಿ ಸಿಗುವ ಸಿನಿಮಾ ಡಿಸ್ಕ್ ಅಚ್ಚು ಹೊಡೆದದ್ದು. ಒಂದು ಲೋಹದ ಅಚ್ಚು ಮಾಡಿ, ಕಾದ ಪ್ಲಾಸ್ಟಿಕ್ಕನ್ನು ಅದರ ಮೇಲೆ ಒತ್ತುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಮೂಡುತ್ತವೆ. ಆ ಗುಳಿಗಳೇ ಸಿನಿಮಾ. ಮೇಲೊಂದು ಹೊಳೆಯುವ ಲೋಹದ ಪದರ. ಕಂಪ್ಯೂಟರಿನಲ್ಲಿ ನಾವು ಬರೆಯುವ ಸಿಡಿ, ಡಿವಿಡಿಯಲ್ಲಿ ಗುಳಿ ಇರುವುದಿಲ್ಲ. ಅಲ್ಲಿರುವುದು ಬಣ್ಣದ ಪದರ. ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಣ್ಣ ಬಿಸಿಲಿಗೆ, ಸೆಕೆಗೆ ಮಾಸುತ್ತದೆ. ಅಚ್ಚಿನ ಗುಳಿ ಹಾಗೆ ಮಾಸುವುದಿಲ್ಲ.

ಇನ್ನು ಪ್ಲೇಯರ್ ವಿಷಯ. ಎಲ್‌ಜಿ ಹೊರಬಂದದ್ದು ನಿಜ. ಸ್ಯಾಮ್‌ಸಂಗ್ 2019ರಲ್ಲೇ ಅಮೆರಿಕದ ಮಾರುಕಟ್ಟೆಗೆ ಹೊಸ ಪ್ಲೇಯರ್ ತರುವುದನ್ನು ಬಿಟ್ಟಿತ್ತು. ಡಿಸ್ಕ್ ಪ್ರಿಯರು ತಲೆ ಮೇಲೆ ಹೊತ್ತುಕೊಂಡಿದ್ದ ಒಪ್ಪೊ ಕಂಪನಿಯ ಪ್ಲೇಯರ್ 2018ರಲ್ಲೇ ನಿಂತಿತು. ಸೋನಿ, ಪ್ಯಾನಸೋನಿಕ್ ಉಳಿದಿವೆ. ಅಂದರೆ ನಿಜವಾದ ಆತಂಕ ಡಿಸ್ಕಿನದ್ದಲ್ಲ, ಅದನ್ನು ಓದುವ ಯಂತ್ರದ್ದು. ಇದು ತಲೆಬರಹದಲ್ಲಿ ಬರಲಿಲ್ಲ.

ಕಿರಾಣಿ ಸರಕು ಪುಸ್ತಕವಾದ ಬಗೆ

ಡಿವಿಡಿ ಜಪಾನಿನಲ್ಲಿ 1996ರ ಕೊನೆಗೆ, ಅಮೆರಿಕದಲ್ಲಿ 1997ರಲ್ಲಿ ಬಂತು. ಹತ್ತು ವರ್ಷದೊಳಗೆ ಅದು ಅಕ್ಕಿ-ಬೇಳೆಯಷ್ಟೇ ಸಾಮಾನ್ಯ ಸರಕಾಯಿತು. 2005ರ ಆಸುಪಾಸಿನಲ್ಲಿ ಅಮೆರಿಕ ಒಂದರಲ್ಲೇ ಡಿಸ್ಕ್ ಮಾರಾಟ ವರ್ಷಕ್ಕೆ ಸುಮಾರು 1600 ಕೋಟಿ ಡಾಲರ್ ಇತ್ತು. 2024ರ ಹೊತ್ತಿಗೆ ಅದು 100 ಕೋಟಿ ಡಾಲರಿಗಿಂತ ಕೆಳಗಿಳಿಯಿತು. 1998ರಲ್ಲಿ ಅಂಚೆಯಲ್ಲಿ ಡಿವಿಡಿ ಬಾಡಿಗೆ ಕೊಡುತ್ತಲೇ ಹುಟ್ಟಿದ ನೆಟ್‌ಫ್ಲಿಕ್ಸ್, 2023ರ ಸೆಪ್ಟೆಂಬರ್ 29ರಂದು ತನ್ನ ಕೊನೆಯ ಡಿಸ್ಕ್ ಕಳಿಸಿ ಆ ಬಾಗಿಲು ಮುಚ್ಚಿತು. ಬೆಸ್ಟ್ ಬೈ ಎಂಬ ದೊಡ್ಡ ಅಂಗಡಿ ಸರಣಿ 2024ರಲ್ಲಿ ಡಿಸ್ಕ್ ಮಾರುವುದನ್ನೇ ಬಿಟ್ಟಿತು.

ನಮ್ಮ ಕಡೆ ಈ ಕಥೆ ಬೇರೆ ದಾರಿಯಲ್ಲಿ ನಡೆಯಿತು. ಇಲ್ಲಿ ಮೊದಲು ಬೇರೂರಿದ್ದು ವಿಸಿಡಿ. ಒಂದು ಸಿಡಿಯಲ್ಲಿ ಹಿಡಿಸುವುದು ಸುಮಾರು 74 ನಿಮಿಷ. ಹಾಗಾಗಿ ಸಿನಿಮಾ ಎರಡು-ಮೂರು ತುಂಡಾಗಿ ಬರುತ್ತಿತ್ತು. ಹಾಡಿನ ನಡುವೆಯೇ 'ಪಾರ್ಟ್ 2 ಹಾಕಿ' ಅಂತ ಎದ್ದು ಹೋಗಬೇಕಿತ್ತು. ಚಿತ್ರ ಎಷ್ಟು ಸ್ಪಷ್ಟ ಅಂದರೆ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ, ಅಷ್ಟೆ. 2007ರಲ್ಲಿ ಮೋಸರ್ ಬೇಯರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಕೊಡಲು ಶುರು ಮಾಡಿತು. ಕಳ್ಳ ಸಿಡಿಗೂ ಅಸಲಿಗೂ ಬೆಲೆಯಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಜನ ಖುಷಿಯಾದರು. ಆದರೆ 34 ರೂಪಾಯಿಯ ಡಿಸ್ಕಿನಲ್ಲಿ ನಿರ್ದೇಶಕರ ಸಂದರ್ಶನ ಮಾಡಿಸಲು, ಹಳೆಯ ರೀಲು ಶುಚಿ ಮಾಡಿಸಲು, ಪುಸ್ತಿಕೆ ಬರೆಸಲು ದುಡ್ಡು ಎಲ್ಲಿಂದ ಬರಬೇಕು? ಅಗ್ಗವಾದ ಕೂಡಲೇ ಅದು ಬಳಸಿ ಬಿಸಾಡುವ ವಸ್ತುವಾಯಿತು. ಆಮೇಲೆ ಯೂಟ್ಯೂಬ್ ಪುಕ್ಕಟೆ ಬಂತು, ಮೊಬೈಲ್ ಡೇಟಾ ಅಗ್ಗವಾಯಿತು. ಬಿಸಾಡುವ ವಸ್ತುವನ್ನು ಜನ ಬಿಸಾಡಿದರು. 2018ರಲ್ಲಿ ಆ ಕಂಪನಿಯೇ ದಿವಾಳಿಯಾಗಿ ಲಿಕ್ವಿಡೇಶನ್‌ಗೆ ಹೋಯಿತು.

ಹೊರದೇಶದಲ್ಲಿ ಸಾಮಾನ್ಯ ಡಿಸ್ಕ್ ಹೋದ ಜಾಗದಲ್ಲಿ ಇನ್ನೊಂದು ಬಗೆಯದು ಉಳಿಯಿತು. ಸಣ್ಣ ಸಣ್ಣ ಸಂಸ್ಥೆಗಳು, ಕಡಿಮೆ ಪ್ರತಿ, ಜಾಸ್ತಿ ಬೆಲೆ. ಅಮೆರಿಕದ ಕ್ರೈಟೀರಿಯನ್ 1984ರಿಂದ ಈ ಕೆಲಸದಲ್ಲಿದೆ. ಅದರ ಪಟ್ಟಿಯಲ್ಲಿ ಈಗ 1200ಕ್ಕೂ ಹೆಚ್ಚು ಸಿನಿಮಾ ಇವೆ. ಪ್ರತಿ ಡಬ್ಬಿಯ ಬೆನ್ನಿನ ಮೇಲೆ ಕ್ರಮಸಂಖ್ಯೆ. ಸಾಮಾನ್ಯವಾಗಿ ಒಂದು ಬ್ಲೂ-ರೇಗೆ 39.95 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಸಾವಿರ ರೂಪಾಯಿ. ಬ್ರಿಟನ್ನಿನಲ್ಲಿ ಬಿಎಫ್‌ಐ, ಯುರೇಕಾ, ಸೆಕೆಂಡ್ ರನ್ ಇದೇ ಜಾತಿಯವು. ಇವು ಸಿನಿಮಾ ಮಾರುವ ರೀತಿ ಪುಸ್ತಕ ಪ್ರಕಾಶಕರ ರೀತಿ. ಕೊಳ್ಳುವವರು ಕೆಲವೇ ಸಾವಿರ ಇರಬಹುದು, ಆದರೆ ಕೊಂಡವರು ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ.

ಬೋನಸ್ ಅನ್ನುವುದು ಬರೀ ಕೊಸರಲ್ಲ

ಈ ಡಿಸ್ಕ್‌ಗಳಿಗೆ ಜನ ಇಷ್ಟು ದುಡ್ಡು ಕೊಡುವುದು ಯಾಕೆ ಅಂದರೆ ಅರ್ಧ ಉತ್ತರ ಮೆನುವಿನ ಕೊನೆಯಲ್ಲಿದೆ. ತರಕಾರಿ ಜೊತೆ ಕೊಡುವ ಕರಿಬೇವಿನ ಹಾಗೆ ಕಾಣುವ ಆ 'ಎಕ್ಸ್‌ಟ್ರಾ'.

ಅದು ಹುಟ್ಟಿದ್ದೇ ಒಂದು ಖಾಲಿ ಜಾಗದಿಂದ. 1984ರಲ್ಲಿ ಕ್ರೈಟೀರಿಯನ್ ಲೇಸರ್‌ಡಿಸ್ಕ್ ತರುವಾಗ, ಹಾಡಿನ ಎಲ್‌ಪಿ ರೆಕಾರ್ಡಿನಷ್ಟು ದೊಡ್ಡ ಆ ತಟ್ಟೆಯಲ್ಲಿ ಧ್ವನಿಗೆ ಒಂದಕ್ಕಿಂತ ಹೆಚ್ಚು ಟ್ರ್ಯಾಕ್ ಇದ್ದವು. ಹಳೆಯ ಸಿನಿಮಾಕ್ಕೆ ಒಂದೇ ಸಾಕು. ಉಳಿದದ್ದನ್ನು ಏನು ಮಾಡುವುದು? ಲಾಸ್ ಏಂಜಲೀಸ್‌ನ ಮ್ಯೂಸಿಯಂ ಒಂದರಲ್ಲಿ ಚಿತ್ರ ವಿಭಾಗ ನೋಡಿಕೊಳ್ಳುತ್ತಿದ್ದ ರೊನಾಲ್ಡ್ ಹೇವರ್ ಅವರನ್ನು ಕೂರಿಸಿ, 1933ರ 'ಕಿಂಗ್ ಕಾಂಗ್' ಓಡುತ್ತಿರುವಂತೆಯೇ ಅದರ ಬಗ್ಗೆ ಮಾತಾಡಿಸಿ ರೆಕಾರ್ಡ್ ಮಾಡಿದರು. ಕಾಮೆಂಟರಿ ಟ್ರ್ಯಾಕ್ ಅನ್ನುವುದು ಹಾಗೆ ಶುರುವಾಯಿತು.

ಅದರ ಕೆಲಸ ಹೇಗೆ ಅಂದರೆ, ರಿಮೋಟಿನಲ್ಲಿ ಆಡಿಯೋ ಬಟನ್ ಒತ್ತುತ್ತೀರಿ. ಪಾತ್ರಗಳ ಮಾತು ತಗ್ಗುತ್ತದೆ, ಇನ್ನೊಂದು ದನಿ ಮೇಲೆ ಬರುತ್ತದೆ. ತೆರೆಯ ಮೇಲೆ ಒಬ್ಬಳು ಬಾಗಿಲು ತೆರೆಯುತ್ತಾಳೆ. ಆ ದನಿ ಹೇಳುತ್ತದೆ: ಈ ಬಾಗಿಲು ಒಂದು ಊರಿನದ್ದು, ಒಳಗಿನ ಕೋಣೆ ಸ್ಟುಡಿಯೋದ್ದು, ನಡುವಿನ ಕಟ್ ಗೊತ್ತಾಗದಿರಲೆಂದು ಇಲ್ಲಿ ಮಗು ಅಳುವ ಸದ್ದು ಸೇರಿಸಿದ್ದಾರೆ. ಒಮ್ಮೆ ಇದನ್ನು ಕೇಳಿದ ಮೇಲೆ ಆ ಬಾಗಿಲನ್ನು ಮೊದಲಿನ ಹಾಗೆ ನೋಡಲು ಆಗುವುದಿಲ್ಲ. ಗೋಲಗುಮ್ಮಟವನ್ನು ಯಾರ ಸಹಾಯವೂ ಇಲ್ಲದೆ ನೋಡಿ ಬರಬಹುದು. ಆದರೆ ಮೇಲಿನ ಸುತ್ತುಪಡಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುತ್ತದೆ ಅನ್ನುವುದನ್ನು ಯಾರಾದರೂ ಹೇಳಬೇಕು, ಅಲ್ವಾ? ಹಾಗೆ ಇದು.

ಸತ್ಯಜಿತ್ ರಾಯ್ ಅವರ 'ಅಪು' ಸಿನಿಮಾ ಮೂರರ ಡಿಸ್ಕ್ ಸೆಟ್ ಇದಕ್ಕೆ ಒಳ್ಳೆಯ ಉದಾಹರಣೆ. 1993ರಲ್ಲಿ ಲಂಡನ್ನಿನ ಹೆಂಡರ್ಸನ್ಸ್ ಲ್ಯಾಬಿನಲ್ಲಿ ಬೆಂಕಿ ಬಿದ್ದು ಇವುಗಳ ಮೂಲ ನೆಗೆಟಿವ್ ಸುಟ್ಟಿತು. ಇನ್ನೇನೂ ಮಾಡಲಾಗದು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆದರೂ ಸುಟ್ಟ ಸುರುಳಿಗಳನ್ನು ಆಸ್ಕರ್ ಪ್ರಶಸ್ತಿ ಕೊಡುವ ಅಮೆರಿಕದ ಅಕಾಡೆಮಿಯ ಭಂಡಾರ ಎಸೆಯದೆ ಇಟ್ಟುಕೊಂಡಿತು. ಇಪ್ಪತ್ತು ವರ್ಷದ ಮೇಲೆ ಇಟಲಿಯ ಬೊಲೋನ್ಯದ ಲ್ಯಾಬಿನಲ್ಲಿ ಕುರುಕಲಾಗಿದ್ದ ಆ ಫಿಲ್ಮಿಗೆ ಮತ್ತೆ ತೇವ ಕೊಟ್ಟು ಮೆತ್ತಗೆ ಮಾಡಿದರು. ಕರಗಿ ಅಂಟಿದ್ದ ಟೇಪು, ಗೋಂದು ಬಿಡಿಸಿದರು. ಹರಿದ ಅಂಚಿನ ತೂತುಗಳನ್ನು ಒಂದೊಂದಾಗಿ ಕೈಯಲ್ಲೇ ಕಟ್ಟಿದರು. ಸುಮಾರು ಸಾವಿರ ಗಂಟೆಯ ಕೈಕೆಲಸ. ಕೊನೆಗೆ ಮೊದಲ ಸಿನಿಮಾದ ಶೇ 40, ಎರಡನೆಯದರ ಶೇ 60ಕ್ಕೂ ಹೆಚ್ಚು ಭಾಗ ಆ ಸುಟ್ಟ ನೆಗೆಟಿವ್‌ನಿಂದಲೇ ಸಿಕ್ಕಿತು. ಉಳಿದದ್ದನ್ನು ಬೇರೆ ಪ್ರತಿಗಳಿಂದ ತುಂಬಿದರು. 2015ರಲ್ಲಿ ಬಂದ ಡಿಸ್ಕ್ ಸೆಟ್‌ನಲ್ಲಿ ಈ ದುರಸ್ತಿಯ ಬಗ್ಗೆಯೇ ಒಂದು ಕಿರುಚಿತ್ರ ಇದೆ. ಸಿನಿಮಾ ನೋಡಿದವರಿಗೆ ಅಪುವಿನ ಕಥೆ ಗೊತ್ತಾಗುತ್ತದೆ. ಕಿರುಚಿತ್ರ ನೋಡಿದವರಿಗೆ ಆ ಕಥೆ ನಮ್ಮ ತನಕ ಬಂದದ್ದು ಎಷ್ಟು ಸಣ್ಣ ಅಂತರದಲ್ಲಿ ಅನ್ನುವುದೂ ಗೊತ್ತಾಗುತ್ತದೆ.

ಹಾಗಂತ ಎಲ್ಲ ಬೋನಸ್ಸೂ ಬಂಗಾರವಲ್ಲ. ನಟರು ಒಬ್ಬರನ್ನೊಬ್ಬರು ಹೊಗಳುವ ಐದು ನಿಮಿಷದ ತುಣುಕುಗಳು ಬರೀ ಪ್ರಚಾರ. ನಮ್ಮ ಬಹುಪಾಲು ಡಿಸ್ಕ್‌ಗಳಲ್ಲಿ 'ಹೆಚ್ಚುವರಿ' ಅಂದರೆ ಹಾಡುಗಳ ಪಟ್ಟಿ, ಬೇರೆ ಸಿನಿಮಾಗಳ ಟ್ರೇಲರ್, ಮುಂದೆ ಓಡಿಸಲೂ ಆಗದ ಜಾಹೀರಾತು. ಮೂಲೆಯಲ್ಲಿ ಕಂಪನಿಯ ಲೋಗೋ ಬೇರೆ.

ಕಾಳುಕಾಳು ಚಿತ್ರ ಮತ್ತು ಮೇಣದ ಮುಖ

ಇನ್ನರ್ಧ ಉತ್ತರ ಚಿತ್ರದ ಗುಣಮಟ್ಟ. ಇದು ಬೇಗ ಹೇಳಿ ಮುಗಿಸುವಂಥದ್ದು.

ಹಳೆಯ ಸಿನಿಮಾ ಫಿಲ್ಮಿನ ಮೇಲೆ ತೆಗೆದದ್ದು. ಫಿಲ್ಮಿನಲ್ಲಿ ಬೆಳ್ಳಿಯ ಸಣ್ಣ ಕಾಳು ಇರುತ್ತವೆ. ಒಂದು ಫ್ರೇಮಿನಲ್ಲಿ ಕಾಳು ಬಿದ್ದ ಜಾಗದಲ್ಲಿ ಇನ್ನೊಂದು ಫ್ರೇಮಿನಲ್ಲಿ ಬೀಳುವುದಿಲ್ಲ. ಓಟಿಟಿಯಲ್ಲಿ ಚಿತ್ರ ಕಳಿಸುವಾಗ ಹಿಂದಿನ ಫ್ರೇಮಿಗೂ ಮುಂದಿನದಕ್ಕೂ ಏನು ಬದಲಾಯಿತೋ ಅದನ್ನು ಮಾತ್ರ ಕಳಿಸಿ ಡೇಟಾ ಉಳಿಸುತ್ತಾರೆ. ಕಾಳು ಮಾತ್ರ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತದೆ. ಅದನ್ನೆಲ್ಲ ಕಳಿಸಿದರೆ ಡೇಟಾ ಉಕ್ಕುತ್ತದೆ. ಹಾಗಾಗಿ ಕಾಳನ್ನೇ ಸವರಿ ಹಾಕುತ್ತಾರೆ. ಅದರ ಜೊತೆ ಚರ್ಮದ ನೆರಿಗೆ, ಗೋಡೆಯ ಗಾರೆ, ಸೀರೆಯ ನೇಯ್ಗೆಯೂ ಹೋಗುತ್ತದೆ. ಮುಖ ಮೇಣದ ಬೊಂಬೆಯ ಹಾಗೆ ಕಾಣುತ್ತದೆ. ಬ್ಲೂ-ರೇ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್ ತನಕ ಜಾಗ ಇದೆ. 4ಕೆ ಡಿಸ್ಕ್ ಒಟ್ಟು 128 ಮೆಗಾಬಿಟ್ ತನಕ ಹೋಗಬಲ್ಲದು. ಓಟಿಟಿಯ 4ಕೆ ಸಾಮಾನ್ಯವಾಗಿ 15-20ರ ಆಸುಪಾಸು, ಅದೂ ನೆಟ್ ಚೆನ್ನಾಗಿದ್ದರೆ. ಲಾಟೀನಿನ ಬೆಳಕಿನಲ್ಲಿ, ಕತ್ತಲ ಕೋಣೆಯಲ್ಲಿ ನಡೆಯುವ ಕಲಾತ್ಮಕ ಸಿನಿಮಾಗೇ ಇದರ ಪೆಟ್ಟು ಜಾಸ್ತಿ.

ಡಿಸ್ಕಿಗೂ ದೋಷ ಇದೆ. ಪಾಲ್ ಅನ್ನುವ ಟಿವಿ ಪದ್ಧತಿಯ ಡಿವಿಡಿಯಲ್ಲಿ ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು 25ರಂತೆ ಓಡಿಸುತ್ತಾರೆ. 100 ನಿಮಿಷದ ಸಿನಿಮಾ 96ಕ್ಕೇ ಮುಗಿಯುತ್ತದೆ. ಶ್ರುತಿ ಸರಿಪಡಿಸದೇ ಬಿಟ್ಟಿದ್ದರೆ ಹಾಡು ಹಾರ್ಮೋನಿಯಂನ ಮುಂದಿನ ಪಟ್ಟಿಯ ಕಡೆಗೆ ಅರ್ಧಕ್ಕಿಂತ ಜಾಸ್ತಿ ಸರಿದಿರುತ್ತದೆ. ಹಿಂದುಸ್ತಾನಿ ಕೇಳಿ ಬೆಳೆದ ನಮ್ಮ ಭಾಗದ ಕಿವಿಗೆ ಇದು ತಕ್ಷಣ ಗೊತ್ತಾಗುತ್ತದೆ.

'ಓಟಿಟಿ ಇದೆಯಲ್ಲ, ಸಾಕು' ಅನ್ನುವ ವಾದ

ಈ ವಾದಕ್ಕೆ ತೂಕ ಇದೆ. ಮುದ್ದೇಬಿಹಾಳದ ಹುಡುಗಿಯೊಬ್ಬಳು ಫೋನಿನಲ್ಲಿ ಇರಾನಿನ ಸಿನಿಮಾ ನೋಡಬಹುದು ಅನ್ನುವುದು ಇಪ್ಪತ್ತು ವರ್ಷದ ಹಿಂದೆ ಕನಸು. ಆಗ ಅಂಥ ಸಿನಿಮಾ ನೋಡಲು ಪುಣೆಗೋ ಬೆಂಗಳೂರಿಗೋ ಹೋಗಬೇಕಿತ್ತು, ಇಲ್ಲ ಫಿಲ್ಮ್ ಸೊಸೈಟಿಯವರು ಪೆಟ್ಟಿಗೆ ತರಿಸುವ ತನಕ ಕಾಯಬೇಕಿತ್ತು. ಮೂರೂವರೆ ಸಾವಿರದ ಡಿಸ್ಕ್ ಯಾರಿಗೆ ಎಟುಕುತ್ತದೆ? ಇದು ಸುಮ್ನೆ ಶ್ರೀಮಂತರ ಶೋಕಿ ಅನ್ನುವವರನ್ನು ಪೂರ್ತಿ ತಪ್ಪು ಅನ್ನಲಾಗದು.

ತೊಡಕು ಇರುವುದು ಉಳಿಯುವ ವಿಷಯದಲ್ಲಿ. ಓಟಿಟಿ ಸಿನಿಮಾವನ್ನು ಕೊಂಡಿರುವುದಿಲ್ಲ, ಕೆಲ ವರ್ಷಕ್ಕೆ ಬಾಡಿಗೆಗೆ ಪಡೆದಿರುತ್ತದೆ. ಅವಧಿ ಮುಗಿಯಿತು, ನೋಡುವವರು ಕಡಿಮೆ ಅನಿಸಿತು, ಸಿನಿಮಾ ಮಾಯ. 2018ರ ನವೆಂಬರ್ 29ರಂದು ಅಮೆರಿಕದಲ್ಲಿ ಫಿಲ್ಮ್‌ಸ್ಟ್ರಕ್ ಅನ್ನುವ, ಹಳೆಯ ಮತ್ತು ಕಲಾತ್ಮಕ ಸಿನಿಮಾಗಳಿಗೇ ಮೀಸಲಾದ ತಾಣ ಮುಚ್ಚಿತು. ಹೆಸರಾಂತ ನಿರ್ದೇಶಕರೇ ಬೇಡ ಅಂದರೂ ಮಾಲೀಕರು ಕೇಳಲಿಲ್ಲ. 'ಬೈ' ಬಟನ್ ಒತ್ತಿ ಕೊಂಡ ಡಿಜಿಟಲ್ ಸಿನಿಮಾದ ಕಥೆಯೂ ಅಷ್ಟೇ. ನಮ್ಮ ಕೈಗೆ ಸಿಗುವುದು ನೋಡುವ ಅನುಮತಿ, ವಸ್ತುವಲ್ಲ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯದಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಅನುಮತಿ ಮಾತ್ರ ಮಾರುತ್ತಿದ್ದರೆ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ 'ಬೈ' ಅನ್ನುವ ಪದ ಬಳಸುವಂತಿಲ್ಲ. ಕಾನೂನು ತರಬೇಕಾಯಿತು ಅಂದರೆ ಗೊಂದಲ ಎಷ್ಟಿತ್ತು ನೋಡಿ.

ಬೋನಸ್ ಓಟಿಟಿಗೆ ಬರುವುದು ಯಾಕೆ ಕಷ್ಟ ಅನ್ನುವುದಕ್ಕೂ ಕಾರಣಗಳಿವೆ. ಸಂದರ್ಶನ ಕೊಟ್ಟವರು, ಹಳೆಯ ಫೋಟೋ ಕೊಟ್ಟವರು ಸಹಿ ಹಾಕಿರುವುದು ಡಿಸ್ಕಿಗೆ. ಸ್ಟ್ರೀಮಿಂಗಿಗೆ ಮತ್ತೆ ಕೇಳಬೇಕು, ಮತ್ತೆ ದುಡ್ಡು ಕೊಡಬೇಕು. ಜೊತೆಗೆ ಓಟಿಟಿಗಳು ಅಳೆಯುವುದು ನೋಡಿದ ಗಂಟೆಗಳನ್ನು. ಒಂದು ಸಿನಿಮಾ ಮುಗಿದ ಕೂಡಲೇ ಇನ್ನೊಂದು ಓಡಬೇಕು. ಮುಗಿದ ಸಿನಿಮಾದ ಬಗ್ಗೆಯೇ ಇನ್ನೂ ಒಂದು ಗಂಟೆ ಕೂರಿಸುವುದು ಆ ಲೆಕ್ಕಕ್ಕೆ ಹೊಂದುವುದಿಲ್ಲ. ಇದಕ್ಕೆ ಹೊರತು ಇಲ್ಲದಿಲ್ಲ. ಫಿಲ್ಮ್‌ಸ್ಟ್ರಕ್ ಮುಚ್ಚಿದ ಮೇಲೆ 2019ರ ಏಪ್ರಿಲ್‌ನಲ್ಲಿ ಶುರುವಾದ ಕ್ರೈಟೀರಿಯನ್ ಚಾನೆಲ್‌ನಲ್ಲಿ ಕಾಮೆಂಟರಿ, ಸಂದರ್ಶನ ಎಲ್ಲ ಇವೆ. ಆದರೆ ಅದು ಅಮೆರಿಕ, ಕೆನಡಾಕ್ಕೆ ಮಾತ್ರ.

ಭಂಡಾರಿಗಳು ಹೇಳುವುದೇ ಬೇರೆ

ಡಿಸ್ಕ್ ಪಕ್ಷ, ಓಟಿಟಿ ಪಕ್ಷ ಕಿತ್ತಾಡುತ್ತಿರುವಾಗ ಫಿಲ್ಮ್ ಆರ್ಕೈವಿನವರು ಇಬ್ಬರನ್ನೂ ನೋಡಿ ತಲೆ ಆಡಿಸುತ್ತಾರೆ. ಅವರ ಪ್ರಕಾರ ಡಿಸ್ಕ್ ಬರೀ ನೋಡುವ ಪ್ರತಿ. ಸಿನಿಮಾ ಉಳಿಯುವುದು ನೆಗೆಟಿವ್ ಉಳಿದರೆ. ಅಪು ಕಥೆಯೂ ಇದನ್ನೇ ಹೇಳುತ್ತದೆ. ಸುಟ್ಟ ನೆಗೆಟಿವ್ ಕೂಡ ಒಳ್ಳೆಯ ಡಿವಿಡಿಗಿಂತ ಜಾಸ್ತಿ ಕೊಟ್ಟಿತು.

ಈ ಮಾತು ನಮ್ಮ ಭಾಗಕ್ಕೆ ಹತ್ತಿರದ್ದು. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' 1934ರ ಮಾರ್ಚ್‌ನಲ್ಲಿ ತೆರೆಗೆ ಬಂತು. ಅದನ್ನು ಚಿತ್ರೀಕರಿಸಿದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಬೆಳಗಾವಿಯಿಂದ ಬರೀ 110 ಕಿಲೋಮೀಟರ್. ಅದರ ಒಂದು ಪ್ರಿಂಟೂ ಉಳಿದಿಲ್ಲ. ದೇಶದ ಸಿನಿಮಾ ಭಂಡಾರ ಪುಣೆಯಲ್ಲಿ ಶುರುವಾದದ್ದೇ 1964ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಸುಮಾರು 2,200 ಸಿನಿಮಾಗಳನ್ನು ರಿಸ್ಟೋರ್ ಮಾಡಲು 363 ಕೋಟಿ ರೂಪಾಯಿ ಪ್ರಕಟಿಸಿತು. ಒಳ್ಳೆಯದೇ. ಆದರೆ ರಿಸ್ಟೋರ್ ಆದ ಸಿನಿಮಾ ಬಾಗಲಕೋಟೆಯ ಪ್ರೇಕ್ಷಕರ ಕಣ್ಣಿಗೆ ಬೀಳುವುದು ಯಾವ ದಾರಿಯಲ್ಲಿ? ಉತ್ಸವದಲ್ಲಿ ಎರಡು ಪ್ರದರ್ಶನ, ಪತ್ರಿಕೆಯಲ್ಲಿ ಒಂದು ಫೋಟೋ, ಆಮೇಲೆ ಮತ್ತೆ ಭಂಡಾರ. ಭಂಡಾರಿಗಳ ವಾದದಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ.

ಹಕ್ಕಿನ ಗೊಂದಲ ಇನ್ನೊಂದು. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1954ರ 'ಬೇಡರ ಕಣ್ಣಪ್ಪ' ಈಗ ಎಲ್ಲರದ್ದು. ಆದರೂ ಹಕ್ಕು ಬಿಡುಗಡೆಯಾದ ಮಾತ್ರಕ್ಕೆ ಒಳ್ಳೆಯ ಪ್ರತಿ ಸಿಗುವುದಿಲ್ಲ. ನೆಗೆಟಿವ್ ಇರುವವರ ಮನೆ ಬಾಗಿಲು ತಟ್ಟಲೇಬೇಕು. ಅದಿಲ್ಲದವರು ಹಳೆಯ ವಿಸಿಡಿಯನ್ನೇ ಯೂಟ್ಯೂಬಿಗೆ ಏರಿಸುತ್ತಾರೆ. ಚೌಕ ಚಿತ್ರವನ್ನು ಅಗಲ ಟಿವಿಗೆ ಎಳೆದು, ರಾಜಕುಮಾರ್ ಅವರ ಮುಖವೂ ಹಲಸಿನ ಹಣ್ಣಿನ ಹಾಗೆ.

ನಮ್ಮವರ ಮಾತು ಯಾರು ದಾಖಲಿಸಿದರು?

ಇಲ್ಲಿಗೆ ಬಂದರೆ ಡಿಸ್ಕ್ ನಿಂತಿತಾ ಅನ್ನುವ ಪ್ರಶ್ನೆ ಸಣ್ಣದಾಗುತ್ತದೆ. ಕನ್ನಡದ ಮಟ್ಟಿಗೆ ದೊಡ್ಡ ನಷ್ಟ ಬೇರೆಯದು. 1997ರಿಂದ ಇಲ್ಲಿಯ ತನಕದ ಇಡೀ ಡಿಸ್ಕ್ ಕಾಲವನ್ನು ನಾವು ದಾಟಿ ಬಂದೆವು, ಆದರೆ ನಮ್ಮ ದೊಡ್ಡ ಸಿನಿಮಾಗಳ ಸುತ್ತ ಆ 'ಎಕ್ಸ್‌ಟ್ರಾ' ಕಟ್ಟುವ ಪದ್ಧತಿಯೇ ಬೆಳೆಯಲಿಲ್ಲ.

1970ರ 'ಸಂಸ್ಕಾರ' ತೆಗೆದುಕೊಳ್ಳಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕೋವನ್. ಸೆನ್ಸಾರ್ ಮಂಡಳಿ ಮೊದಲು ಸಿನಿಮಾವನ್ನೇ ತಡೆಯಿತು, ಆಮೇಲೆ ಬಿಟ್ಟಿತು. ನಟಿಸಿದವರು ಗಿರೀಶ ಕಾರ್ನಾಡ್, ಪಿ. ಲಂಕೇಶ್. ಕಥೆ ಯು.ಆರ್. ಅನಂತಮೂರ್ತಿ ಅವರದ್ದು, ನಿರ್ದೇಶನ ಪಟ್ಟಾಭಿರಾಮ ರೆಡ್ಡಿ ಅವರದ್ದು. ಇವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಸಿನಿಮಾ ಓಡಿಸಿ, ಮೈಕ್ ಇಟ್ಟಿದ್ದರೆ! ಜಗಳ ಅಂತೂ ಗ್ಯಾರಂಟಿ ಇತ್ತು. ಲಂಕೇಶ್ 2000ದಲ್ಲಿ ಹೋದರು, ಪಟ್ಟಾಭಿರಾಮ ರೆಡ್ಡಿ 2006ರಲ್ಲಿ, ಅನಂತಮೂರ್ತಿ 2014ರಲ್ಲಿ, ಕಾರ್ನಾಡ್ 2019ರಲ್ಲಿ. 'ಘಟಶ್ರಾದ್ಧ'ಕ್ಕೆ ಬೆಳಕು ಕಟ್ಟಿದ ಛಾಯಾಗ್ರಾಹಕ ಎಸ್. ರಾಮಚಂದ್ರ 2011ರಲ್ಲಿ, ಸಂಗೀತ ಕೊಟ್ಟ ಬಿ.ವಿ. ಕಾರಂತ 2002ರಲ್ಲಿ ತೀರಿಕೊಂಡರು. ಡಿವಿಡಿ ಬಂದಾಗ ಇವರೆಲ್ಲ ಇದ್ದರು. ಆತ್ಮಕಥೆಗಳಿವೆ, ಪತ್ರಿಕಾ ಸಂದರ್ಶನಗಳಿವೆ, ಸರಿ. ಆದರೆ ಇಂಥ ಶಾಟನ್ನು ಇಲ್ಲೇ ಯಾಕೆ ಕತ್ತರಿಸಿದಿರಿ ಅಂತ ಶಾಟ್ ತೋರಿಸುತ್ತ ಕೇಳುವ ಅವಕಾಶ ಬೇರೆ.

ನಮ್ಮ ಮೂರು ಜಿಲ್ಲೆಗಳಿಗೆ ಇದರಲ್ಲಿ ನೇರ ಪಾಲಿದೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು 'ಕಾಡು ಕುದುರೆ' ಸಿನಿಮಾ ನಿರ್ದೇಶಿಸಿದರು. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಾಡು ಎಲ್ಲರ ಬಾಯಲ್ಲಿದೆ. ಸಿನಿಮಾ ನೋಡಿದವರು ಎಷ್ಟು ಜನ? ರಂ.ಶಾ. ಲೋಕಾಪುರ ಅವರ ಕಾದಂಬರಿಯಿಂದ ಬಂದ 'ತಾಯಿ ಸಾಹೇಬ' 1997ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅದರಲ್ಲಿರುವುದು ನಮ್ಮದೇ ಸೀಮೆಯ ವಾಡೆ, ನಮ್ಮದೇ ಮಾತು. ಆ ಮಾತಿನ ಧಾಟಿ ಎಲ್ಲಿಯದು, ಆ ಮನೆತನಗಳ ರೀತಿ ರಿವಾಜು ಏನು ಅನ್ನುವುದನ್ನು ವಿವರಿಸಲು ಬೇರೆ ಊರಿನ ವಿಮರ್ಶಕರು ಬೇಡ. ಇಲ್ಲಿನ ಕಾಲೇಜಿನ ಕನ್ನಡ ಮೇಷ್ಟ್ರು ಒಬ್ಬರು ಸಾಕು, ಒಂದು ಒಳ್ಳೆಯ ಮೈಕ್ ಸಾಕು.

ಸಬ್‌ಟೈಟಲ್ ವಿಷಯವೂ ಹೀಗೇ ಕೈ ತಪ್ಪಿತು. ಒಂದು ಡಿವಿಡಿಯಲ್ಲಿ 8 ಧ್ವನಿ ಟ್ರ್ಯಾಕ್, 32 ಸಬ್‌ಟೈಟಲ್ ಇಡಲು ಜಾಗ ಇದೆ. ಅಲ್ಲಿ ಸಬ್‌ಟೈಟಲ್ ಇರುವುದು ಅಕ್ಷರವಾಗಿ ಅಲ್ಲ, ಚಿತ್ರವಾಗಿ. ಅಂದರೆ ಕನ್ನಡ ಫಾಂಟ್ ಮೂಡುತ್ತದಾ, ಒತ್ತಕ್ಷರ ಒಡೆಯುತ್ತದಾ ಅನ್ನುವ ತಲೆನೋವೇ ಇರಲಿಲ್ಲ. ಯಾವ ಹಳೆಯ ಪ್ಲೇಯರಿನಲ್ಲೂ ಕನ್ನಡ ಚೆಂದವಾಗಿ ಕಾಣುತ್ತಿತ್ತು. ಆದರೂ ಬೇರೆ ಭಾಷೆಯ ಒಳ್ಳೆಯ ಸಿನಿಮಾದ ಡಿಸ್ಕಿನಲ್ಲಿ ಕನ್ನಡ ಸಬ್‌ಟೈಟಲ್ ಹುಡುಕಿದರೂ ಸಿಗುವುದು ಕಷ್ಟ. ಕನ್ನಡ, ಮರಾಠಿ, ಉರ್ದು ಒಂದೇ ಗಲ್ಲಿಯಲ್ಲಿ ಕೇಳುವ ಬೆಳಗಾವಿಯಂಥ ಊರಿಗೆ ಇದು ಎಷ್ಟು ಉಪಯೋಗವಾಗುತ್ತಿತ್ತು. ಮರಾಠಿ ನೆರೆಯವರಿಗೆ ಕನ್ನಡದ್ದು, ಕನ್ನಡದವರಿಗೆ ಮರಾಠಿಯದು, ಒಂದೇ ಡಿಸ್ಕಿನಲ್ಲಿ.

ಇಲ್ಲಿ ಕೂತು ಕೊಳ್ಳುವವರ ತೊಡಕು

ಇನ್ನು ವ್ಯವಹಾರದ ಮಾತು. ಡಿಸ್ಕಿಗೆ ಪ್ರದೇಶದ ಬೀಗ ಇರುತ್ತದೆ. ಡಿವಿಡಿಯಲ್ಲಿ ಭಾರತ 5ನೇ ವಲಯ, ಬ್ಲೂ-ರೇಯಲ್ಲಿ 'ಸಿ'. ಅಮೆರಿಕದ ಕ್ರೈಟೀರಿಯನ್ ಬ್ಲೂ-ರೇ 'ಎ', ಬ್ರಿಟನ್ನಿನದ್ದು ಬಹುಪಾಲು 'ಬಿ'. ಇಲ್ಲಿ ಕೊಂಡ ಮಾಮೂಲಿ ಪ್ಲೇಯರಿಗೆ ಇವೆರಡೂ ಅರ್ಥವಾಗುವುದಿಲ್ಲ. ಸಮಾಧಾನ ಏನೆಂದರೆ 4ಕೆ ಡಿಸ್ಕಿಗೆ ಈ ಬೀಗ ಇಲ್ಲ. ಡಿಸ್ಕ್ ಹಾಕುವ ಬಾಯಿ ಇರುವ ಪ್ಲೇಸ್ಟೇಷನ್ 5 ಅದನ್ನು ಓದುತ್ತದೆ. ಮಕ್ಕಳ ಆಟದ ಡಬ್ಬಿಯೇ ಅಪ್ಪನ ಸಿನಿಮಾ ಡಬ್ಬಿ. ಒಂದು ಎಚ್ಚರಿಕೆ: 4ಕೆ ಸೆಟ್‌ನಲ್ಲಿ ಸಿನಿಮಾ ಒಂದು ಡಿಸ್ಕಿನಲ್ಲಿ, ಬೋನಸ್ಸೆಲ್ಲ ಜೊತೆಗಿರುವ ಮಾಮೂಲಿ ಬ್ಲೂ-ರೇಯಲ್ಲಿ ಇರುವುದು ಸಾಮಾನ್ಯ. ಬೀಗ ಇರುವುದು ಆ ಎರಡನೆಯದಕ್ಕೆ. ಸಿನಿಮಾ ಓಡುತ್ತದೆ, ಬೋನಸ್ ಓಡುವುದಿಲ್ಲ! ತರಿಸುವ ಮುಂಚೆ ನೋಡಿಕೊಳ್ಳಬೇಕು. ಮೇಲೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ. ಮತ್ತೆ, ಮನೆಗೆ ಕೊಂಡ ಡಿಸ್ಕನ್ನು ಊರಿನವರಿಗೆಲ್ಲ ತೆರೆ ಕಟ್ಟಿ ತೋರಿಸಲು ಹಕ್ಕುದಾರರ ಒಪ್ಪಿಗೆ ಬೇಕು.

ಹವೆಯೂ ಮಾತಾಡುತ್ತದೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಡಬ್ಬಿಯೊಳಗಿನ ಕಾಗದದ ಪುಸ್ತಿಕೆಗೆ ಮೊದಲು ಬೂಸ್ಟು ಹಿಡಿಯುತ್ತದೆ, ಅಲ್ಲಿಂದ ಡಿಸ್ಕಿಗೆ. ವಿಜಯಪುರದಲ್ಲಿ ತೇವದ ಕಾಟ ಕಡಿಮೆ, ಬಿಸಿಲು ಮತ್ತು ಧೂಳಿನದ್ದು ಜಾಸ್ತಿ. ಧೂಳು ಕೆಡಿಸುವುದು ಪ್ಲೇಯರಿನ ಲೇಸರ್ ಕಣ್ಣನ್ನು.

ಗೀರಿನ ಲೆಕ್ಕವನ್ನೂ ತಿಳಿದಿರಬೇಕು. ಸಿಡಿ, ವಿಸಿಡಿಯಲ್ಲಿ ಮಾಹಿತಿ ಇರುವುದು ಚಿತ್ರ ಅಚ್ಚಾದ ಬದಿಯ ತೊಗಲಿನ ಕೆಳಗೇ. ಕೆಳಬದಿಯ ಗೀರನ್ನು ಉಜ್ಜಿ ಸರಿ ಮಾಡಬಹುದು, ಮೇಲ್ಬದಿ ಕೆರೆದರೆ ಮುಗೀತು. ಹೆಸರು ಬರೆಯಲು ಬಾಲ್‌ಪೆನ್ ಒತ್ತಿದವರು ತಿಳಿಯದೆಯೇ ಅದನ್ನು ಕೊಂದಿದ್ದಾರೆ. ಡಿವಿಡಿಯಲ್ಲಿ ಅದು ಎರಡು ತೆಳು ತಟ್ಟೆಗಳ ನಡುವೆ, ಸ್ಯಾಂಡ್‌ವಿಚ್ ಹಾಗೆ. ನಡುವಿನ ಅಂಟು ಬಿಟ್ಟರೆ ಗಾಳಿ ಹೊಕ್ಕು ಲೋಹ ಮಾಸುತ್ತದೆ. ಅಚ್ಚು ಹೊಡೆದ ಡಿಸ್ಕೂ ಅಮರ ಅಲ್ಲ ಅನ್ನುವುದಕ್ಕೆ ವಾರ್ನರ್ ಕಂಪನಿಯೇ ಸಾಕ್ಷಿ. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳು ಕೆಡುತ್ತಿವೆ ಅಂತ ಅದು 2025ರಲ್ಲಿ ಒಪ್ಪಿಕೊಂಡಿತು. ಆ ವರ್ಷಗಳ ಡಿಸ್ಕ್ ಇದ್ದರೆ ಕೊನೆಯ ತನಕ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು.

ಮೊದಲು ಯಾವುದು?

ಮುಂದಿನ ಕೆಲವು ವರ್ಷ ಏನಾಗಬಹುದು ಅನ್ನುವುದು ಹೆಚ್ಚುಕಡಿಮೆ ಕಾಣುತ್ತದೆ. ಹೊರದೇಶದ ಕಲಾತ್ಮಕ ಸಿನಿಮಾಗಳ ಡಿಸ್ಕ್ ಬರುತ್ತಲೇ ಇರುತ್ತವೆ, ಬೆಲೆ ಇಳಿಯುವುದಿಲ್ಲ. ಪ್ಲೇಯರ್ ಅಪರೂಪವಾಗುತ್ತದೆ, ರಿಪೇರಿ ಮಾಡುವವರು ಅದಕ್ಕಿಂತ ಬೇಗ ಅಪರೂಪವಾಗುತ್ತಾರೆ. ಹಾಗಾಗಿ ಕೈಯಲ್ಲಿ ದುಡ್ಡಿದ್ದರೆ ಇನ್ನೊಂದು ಡಿಸ್ಕಿಗಿಂತ ಇನ್ನೊಂದು ಪ್ಲೇಯರ್ ಕೊಳ್ಳುವುದು ಜಾಣತನ.

ಆದರೆ ಕಪಾಟಿನಲ್ಲಿ ಅತಿ ಬೆಲೆಬಾಳುವುದು ಮೂರೂವರೆ ಸಾವಿರದ ಆಮದು ಡಿಸ್ಕ್ ಅಂದುಕೊಂಡಿದ್ದರೆ ಅದು ತಪ್ಪು ಲೆಕ್ಕ. ಅದು ಕೆಟ್ಟರೆ ಇನ್ನೊಂದು ತರಿಸಬಹುದು. ನಮ್ಮ ಭಾಗದ ಮನೆಗಳಲ್ಲಿ, ಜಾತ್ರೆಯ ಅಂಗಡಿಯಲ್ಲಿ ಕೊಂಡ ಕಂಪನಿ ನಾಟಕದ ವಿಸಿಡಿ, ಶ್ರೀಕೃಷ್ಣ ಪಾರಿಜಾತದ ವಿಸಿಡಿ ಇನ್ನೂ ಬಿದ್ದಿವೆ. ಎಷ್ಟೋ ಇಂಥವು ಅಚ್ಚು ಹೊಡೆದದ್ದಲ್ಲ, ಊರಿನಲ್ಲೇ ಬರೆದದ್ದು. ಹಿಂಬದಿಗೆ ಹಸಿರೋ ನೀಲಿಯೋ ಬಣ್ಣ ಕಂಡರೆ ಅದು ಬರೆದ ಡಿಸ್ಕ್, ಬಣ್ಣ ಮಾಸುತ್ತಿದೆ. ಅದರಲ್ಲಿರುವ ಭಾಗವತರ ದನಿ ಯಾವ ಓಟಿಟಿಯಲ್ಲೂ ಇಲ್ಲ, ಪುಣೆಯ ಭಂಡಾರದಲ್ಲೂ ಇರುವ ಸಂಭವ ಕಡಿಮೆ.

ವಿಸಿಡಿಗೆ ಡಿವಿಡಿ, ಬ್ಲೂ-ರೇ ಹಾಗೆ ಬೀಗ ಇರುವುದಿಲ್ಲ. ಕಂಪ್ಯೂಟರಿಗೆ ಹಾಕಿದರೆ ಎಂಪೆಗಾವ್ (MPEGAV) ಅನ್ನುವ ಫೋಲ್ಡರ್ ಕಾಣುತ್ತದೆ, ಅದರೊಳಗಿನ ದೊಡ್ಡ ಫೈಲೇ ನಾಟಕ. ನಿಮ್ಮದೇ ಡಿಸ್ಕ್, ನಿಮ್ಮದೇ ಬಳಕೆಗೆ ಪ್ರತಿ ಇಟ್ಟುಕೊಳ್ಳುತ್ತಿದ್ದೀರಿ ಅಂದರೆ ಅಂಜಬೇಕಾದ್ದಿಲ್ಲ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಇನ್ನೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಮಳೆಗಾಲ ಹಿಡಿಯುವ ಮುಂಚೆ ಮಾಡಿದರೆ ಒಳ್ಳೆಯದು. ಒಂದು ಡಿಸ್ಕಿಗೆ ಹತ್ತು ನಿಮಿಷ ಸಾಕು, ಗೀರಿದ್ದರೆ ಸ್ವಲ್ಪ ಜಾಸ್ತಿ.